ಫೋಟೋ ಕದ್ದವರು ಕ್ಲೌಡ್ ಒಡೆಯಲಿಲ್ಲ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಫೋನ್ ತುಂಬಿಹೋದರೆ ಫೋಟೋಗಳನ್ನು ಗೂಗಲ್ ಫೋಟೋಸ್‌ಗೋ ಐಕ್ಲೌಡ್‌ಗೋ ಹಾಕಿ, ಫೋನ್ ಹಗುರ ಮಾಡಿಕೊಳ್ಳಿ ಎಂದು ಬರೆದಿದ್ದೆ. ಕ್ಲೌಡ್ ಅನ್ನುವುದು ಇದನ್ನೇ, ನಮ್ಮ ಫೋಟೋಗಳನ್ನು ಇಂಟರ್‌ನೆಟ್ ಮೂಲಕ ಕಂಪನಿಯ ಕಂಪ್ಯೂಟರ್‌ಗಳಲ್ಲಿ ಇಡುವುದು. ಅದಕ್ಕೆ ಬಂದ ಪತ್ರಗಳಲ್ಲಿ ಥ್ಯಾಂಕ್ಸ್ ಹೇಳಿದವರು ಕಡಿಮೆ, ಹೆದರಿದವರೇ ಜಾಸ್ತಿ. ಹಾಗಾಗಿ ಈ ಸಲ ಬೇರೆ ಯಾವ ಪ್ರಶ್ನೆಯನ್ನೂ ತೆಗೆದುಕೊಂಡಿಲ್ಲ. ಹೆಸರು ಯಾರದ್ದೂ ಹಾಕಿಲ್ಲ, ಊರು ಮಾತ್ರ ಇದೆ.

ಅಕ್ಕಾ, ನಿಮ್ಮ ಮಾತು ಕೇಳಿ ಎಲ್ಲ ಫೋಟೋ ಗೂಗಲ್‌ಗೆ ಹಾಕಿದೆ. ನಮ್ಮ ಯಜಮಾನರು ಬೈದರು. 2014ರಲ್ಲಿ ಹಾಲಿವುಡ್ ನಟಿಯರ ಫೋಟೋಗಳೇ ಕ್ಲೌಡ್‌ನಿಂದ ಹೊರಗೆ ಬಂದಿದ್ದವು, ಅಂಥವರದ್ದೇ ಉಳಿಯಲಿಲ್ಲ ಅಂದ ಮೇಲೆ ನಿನ್ನದು ಉಳಿಯುತ್ತಾ, ಎಲ್ಲ ಅಳಿಸಿಬಿಡು ಅಂತಾರೆ. ಬಾಣಂತನದ ಫೋಟೋಗಳಿವೆ, ಮಗುವಿಗೆ ಹಾಲು ಕುಡಿಸುವಾಗ ನಮ್ಮಮ್ಮ ತೆಗೆದದ್ದು. ಅಳಿಸಲು ಮನಸ್ಸಿಲ್ಲ. ಕ್ಲೌಡ್ ನಿಜವಾಗಿ ಹ್ಯಾಕ್ ಆಗುತ್ತಾ? (ಡೊಂಬಿವಲಿ)

ಅಳಿಸಬೇಡಿ. ನಿಮ್ಮ ಯಜಮಾನರು ಹೇಳಿದ ಘಟನೆ ನಿಜ, ಆದರೆ ಅದರಿಂದ ಕಲಿಯಬೇಕಾದ್ದು ಬೇರೆಯೇ ಇದೆ.

2014ರ ಆಗಸ್ಟ್ 31ಕ್ಕೆ ಆ ಫೋಟೋಗಳು ಇಂಟರ್‌ನೆಟ್‌ನಲ್ಲಿ ಹರಿದಾಡಿದವು. ಆಪಲ್‌ನ ಸರ್ವರನ್ನೇ ಯಾರೋ ಒಡೆದಿದ್ದಾರೆ ಎಂದು ಮೊದಲು ಎಲ್ಲರೂ ಅಂದುಕೊಂಡರು. ಎರಡು ದಿನ ಬಿಟ್ಟು ಆಪಲ್ ಹೇಳಿಕೆ ಕೊಟ್ಟಿತು: 40 ಗಂಟೆಗೂ ಹೆಚ್ಚು ಹುಡುಕಿದ್ದೇವೆ, ನಮ್ಮ ವ್ಯವಸ್ಥೆ ಒಡೆದಿಲ್ಲ, ಕೆಲವು ಜನರ ಯೂಸರ್‌ನೇಮ್, ಪಾಸ್‌ವರ್ಡ್ ಮತ್ತು ಭದ್ರತಾ ಪ್ರಶ್ನೆಗಳಿಗೆ ಗುರಿ ಇಟ್ಟು ಹೊಡೆದಿದ್ದಾರೆ ಅಂತ. ಕಂಪನಿ ತನ್ನ ಮೈ ಉಳಿಸಿಕೊಳ್ಳಲು ಹೀಗೆ ಹೇಳಿತು ಎಂದು ನಕ್ಕವರೂ ಇದ್ದರು. ಆಪಲ್ ಪೂರ್ತಿ ಸಾಚಾ ಅಂತ ನಾನೂ ಹೇಳುವುದಿಲ್ಲ, ಯಾಕೆಂದರೆ ಆಗ ಅವರ ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡ್ ಕೂಡ ಕೇಳುವುದು) ಐಕ್ಲೌಡ್ ಬ್ಯಾಕಪ್‌ಗೆ, ಅಂದರೆ ಅಲ್ಲಿಟ್ಟ ಫೋನಿನ ನಕಲಿಗೆ, ಅನ್ವಯಿಸುತ್ತಲೇ ಇರಲಿಲ್ಲ, ಈ ಗಲಾಟೆ ಆದ ಮೇಲೆ ಅದೇ ಸೆಪ್ಟೆಂಬರ್‌ನಲ್ಲಿ ಅದನ್ನೂ ಸೇರಿಸಿದರು. ಆದರೆ ಮುಂದೆ ಅಮೆರಿಕದ ಕೋರ್ಟುಗಳಲ್ಲಿ ಒಂದೊಂದಾಗಿ ಕೇಸು ನಡೆದಾಗ ಗೊತ್ತಾದದ್ದು ಏನಪ್ಪಾ ಅಂದರೆ, ಸಿಕ್ಕಿಬಿದ್ದವರಲ್ಲಿ ಯಾರೂ ದೊಡ್ಡ ಹ್ಯಾಕರ್ ಅಲ್ಲ.

ಪೆನ್ಸಿಲ್ವೇನಿಯಾದ ಒಬ್ಬ ಮಾಡಿದ್ದು ಇಷ್ಟೇ. ಆಪಲ್‌ನಿಂದ ಅಥವಾ ಗೂಗಲ್‌ನಿಂದ ಬಂದಂತೆ ಕಾಣುವ ಇಮೇಲ್ ಬರೆದು ಕಳಿಸಿದ. ಪಾಸ್‌ವರ್ಡ್ ಕೇಳಿದ. ಜನ ಕೊಟ್ಟರು. ಹೀಗೆ ಕನಿಷ್ಠ 50 ಐಕ್ಲೌಡ್ ಖಾತೆ, 72 ಜಿಮೇಲ್ ಖಾತೆಗಳ ಒಳಗೆ ಹೋದ, ಕೆಲವು ಕಡೆ ಸಾಫ್ಟ್‌ವೇರ್ ಬಳಸಿ ಇಡೀ ಫೋನಿನ ಬ್ಯಾಕಪ್ಪನ್ನೇ ಇಳಿಸಿಕೊಂಡ. ಆ ಫೋಟೋಗಳನ್ನು ಇಂಟರ್‌ನೆಟ್‌ಗೆ ಹಾಕಿದವನು ಅವನೇ ಎನ್ನಲು ಸಾಕ್ಷಿ ಸಿಗಲಿಲ್ಲ, ಕದ್ದದ್ದಕ್ಕೆ 2016ರಲ್ಲಿ 18 ತಿಂಗಳ ಜೈಲಾಯಿತು. ವರ್ಜೀನಿಯಾದ ಇನ್ನೊಬ್ಬ ಹಿಂದೆ ಶಾಲಾ ಶಿಕ್ಷಕನಾಗಿದ್ದವನು. ಅವನು ಫೇಸ್‌ಬುಕ್ ನೋಡಿ ಭದ್ರತಾ ಪ್ರಶ್ನೆಗಳ ಉತ್ತರ ಹುಡುಕುತ್ತಿದ್ದ. ಅವನ ಪಟ್ಟಿಯಲ್ಲಿ ಸಿನಿಮಾದವರಷ್ಟೇ ಇರಲಿಲ್ಲ, ಅವನು ಪಾಠ ಮಾಡಿದ ಶಾಲೆಯ ಶಿಕ್ಷಕಿಯರು, ವಿದ್ಯಾರ್ಥಿಗಳೂ ಇದ್ದರು. 2019ರಲ್ಲಿ 34 ತಿಂಗಳ ಶಿಕ್ಷೆ. ಬೇರೊಂದು ಕೇಸಿನಲ್ಲಿ ಸಿಕ್ಕಿಬಿದ್ದ ಕ್ಯಾಲಿಫೋರ್ನಿಯಾದವನು ಇನ್ನೂ ಸುಲಭದ ದಾರಿ ಹಿಡಿದ, ಆಪಲ್ ಕಸ್ಟಮರ್ ಸಪೋರ್ಟ್ ಎಂದು ತೋರುವ ಜಿಮೇಲ್ ವಿಳಾಸ ಮಾಡಿಕೊಂಡು ಕೂತ. ಅವನ ಹತ್ತಿರ ಸಿಕ್ಕಿದ್ದು 6 ಲಕ್ಷ 20 ಸಾವಿರಕ್ಕೂ ಹೆಚ್ಚು ಫೋಟೋ, ಸುಮಾರು 9 ಸಾವಿರ ವಿಡಿಯೋ. 300ಕ್ಕೂ ಹೆಚ್ಚು ಜನರದ್ದು, ಹೆಚ್ಚಿನವರು ಸಾಮಾನ್ಯ ಹೆಣ್ಣುಮಕ್ಕಳು. 2022ರಲ್ಲಿ ಅವನಿಗೆ 9 ವರ್ಷ ಜೈಲಾಯಿತು.

ನೋಡಿ, ಕೀಲಿ ಒಡೆದು ಒಳಗೆ ಬಂದವರು ಇವರಲ್ಲಿ ಒಬ್ಬರೂ ಇಲ್ಲ. ಕೀಲಿಕೈ ಕೇಳಿ ಇಸಕೊಂಡರು, ಇಲ್ಲಾ ಊಹಿಸಿದರು.

ಊಹಿಸುವ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ನಾವು ಮುಂಬಯಿ ಕನ್ನಡಿಗರು ಇದರಲ್ಲಿ ಎಲ್ಲರಿಗಿಂತ ಸುಲಭದ ತುತ್ತು. ತಾಯಿಯ ತವರಿನ ಹೆಸರೇನು, ಓದಿದ ಶಾಲೆ ಯಾವುದು, ಹುಟ್ಟಿದ ಊರು ಯಾವುದು ಎಂದು ಪಾಸ್‌ವರ್ಡ್ ಮರೆತವರಿಗೆ ಕೇಳುವ ಭದ್ರತಾ ಪ್ರಶ್ನೆಗಳಿರುತ್ತವಲ್ಲ, ನಮ್ಮಲ್ಲಿ ಇದು ಯಾರಿಗೆ ಗೊತ್ತಿಲ್ಲ ಹೇಳಿ? ನಮ್ಮ ಸಂಘಗಳ ಸ್ಮರಣ ಸಂಚಿಕೆ ತೆರೆದರೆ, ಶ್ರದ್ಧಾಂಜಲಿ ಪುಟ ಓದಿದರೆ, ಅರ್ಧ ಡೊಂಬಿವಲಿಯ ತಾಯಂದಿರ ತವರುಮನೆ ಗೊತ್ತಾಗುತ್ತದೆ. 2008ರಲ್ಲಿ ಅಮೆರಿಕದ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಸಾರಾ ಪೇಲಿನ್ ಅವರ ಯಾಹೂ ಮೇಲ್ ಒಳಗೆ ಹೋದದ್ದು ಒಬ್ಬ ಕಾಲೇಜು ಹುಡುಗ. ಹುಟ್ಟಿದ ದಿನ, ಪಿನ್‌ಕೋಡ್, ಗಂಡನನ್ನು ಮೊದಲು ಎಲ್ಲಿ ನೋಡಿದಿರಿ ಎಂಬುದರ ಉತ್ತರ, ಎಲ್ಲವೂ ಇಂಟರ್‌ನೆಟ್‌ನಲ್ಲೇ ಇತ್ತು. ಗೂಗಲ್‌ನವರೇ 2015ರಲ್ಲಿ ಒಂದು ಅಧ್ಯಯನ ಹೊರಗೆ ಹಾಕಿದರು: ಇಂಗ್ಲಿಷ್ ಬಳಸುವವರಲ್ಲಿ 'ನಿಮಗೆ ಇಷ್ಟದ ತಿನಿಸು ಯಾವುದು' ಎಂಬ ಪ್ರಶ್ನೆಗೆ ಒಂದೇ ಊಹೆಯಲ್ಲಿ ಸರಿಯುತ್ತರ ಹೇಳುವ ಸಾಧ್ಯತೆ ಸುಮಾರು 20%. ಉತ್ತರ ಪಿಜ್ಜಾ. ನಮ್ಮವರನ್ನು ಕೇಳಿದ್ದರೆ ಮಸಾಲೆದೋಸೆ, ಇನ್ನೂ ಸುಲಭ. ಈಗಲೂ ಎಲ್ಲಾದರೂ ಇಂಥ ಪ್ರಶ್ನೆ ಕೇಳಿದರೆ ಸುಳ್ಳು ಉತ್ತರ ಕೊಡಿ, ತವರುಮನೆ ಹೆಸರಿನ ಜಾಗದಲ್ಲಿ ಏನೋ ಅರ್ಥವಿಲ್ಲದ ಪದ ಹಾಕಿ, ಅದನ್ನು ಮನೆಯಲ್ಲಿ ಒಂದು ಡೈರಿಯಲ್ಲಿ ಬರೆದಿಡಿ. ಹೌದು, ಡೈರಿಯಲ್ಲಿ. ರಷ್ಯಾದ ಹ್ಯಾಕರ್ ನಿಮ್ಮ ಕಪಾಟು ತೆರೆಯಲು ಡೊಂಬಿವಲಿ ಫಾಸ್ಟ್ ಹತ್ತಿ ಬರುವುದಿಲ್ಲ.

ಯಜಮಾನರಿಗೆ ಇನ್ನೊಂದು ಮಾತು ಹೇಳಿ. 2014ರಲ್ಲಿ ಫೋಟೋ ಕಳೆದುಕೊಂಡ ಜೆನಿಫರ್ ಲಾರೆನ್ಸ್ ಆಮೇಲೆ ಒಂದು ಸಂದರ್ಶನದಲ್ಲಿ, ಇದನ್ನು ಹಗರಣ ಅನ್ನಬೇಡಿ, ಇದು ಲೈಂಗಿಕ ಅಪರಾಧ ಅಂದರು. ಬಾಣಂತನದ ಫೋಟೋ ಇಟ್ಟುಕೊಂಡದ್ದರಲ್ಲಿ ನಿಮ್ಮದೇನೂ ತಪ್ಪಿಲ್ಲ.

ಮ್ಯಾಡಮ್, ನಾನು ಐಟಿಯಲ್ಲಿದ್ದೇನೆ. ನನ್ನ ಪಾಸ್‌ವರ್ಡ್ 14 ಅಕ್ಷರದ್ದು, ಅಂಕೆ, ಚಿಹ್ನೆ ಎಲ್ಲ ಇದೆ, ಯಾರೂ ಊಹಿಸಲು ಸಾಧ್ಯವಿಲ್ಲ. ನೆನಪಿರಲಿ ಅಂತ ಎಲ್ಲ ಕಡೆ ಅದನ್ನೇ ಇಟ್ಟಿದ್ದೇನೆ. ಒಟಿಪಿಯೂ ಆನ್ ಇದೆ. ನಾನು ಸೇಫ್ ಅಲ್ವಾ? (ಹಿಂಜೆವಾಡಿ, ಪುಣೆ)

ಅಲ್ಲ. 'ಎಲ್ಲ ಕಡೆ ಅದನ್ನೇ' ಅನ್ನುವ ಮಾತಿನಲ್ಲೇ ಎಲ್ಲ ಹೋಯಿತು.

ನಿಮ್ಮ ಗೂಗಲ್ ಖಾತೆಯನ್ನು ಯಾರೂ ಮುಟ್ಟಬೇಕಿಲ್ಲ. ನೀವು ಎಂದೋ ಸೇರಿ ಮರೆತ ಯಾವುದೋ ಶಾಪಿಂಗ್ ಸೈಟ್, ಕ್ರಿಕೆಟ್ ಆಟದ ಆಪ್, ಹಳೇ ಮ್ಯಾಟ್ರಿಮೊನಿ ಸೈಟ್, ಅದರಲ್ಲೊಂದು ಸೋರಿದರೆ ನಿಮ್ಮ ಇಮೇಲ್ ಮತ್ತು ಪಾಸ್‌ವರ್ಡ್ ಜೋಡಿಯಾಗಿ ಮಾರಾಟಕ್ಕೆ ಬರುತ್ತದೆ. ಕಳ್ಳರು ಕೂತು ಒಂದೊಂದಾಗಿ ಟೈಪ್ ಮಾಡುವುದಿಲ್ಲ, ಆ ಜೋಡಿಗಳನ್ನು ಪ್ರೋಗ್ರಾಂಗೆ ಕೊಟ್ಟು ಗೂಗಲ್, ಆಪಲ್, ಇನ್‌ಸ್ಟಾಗ್ರಾಮ್ ಎಲ್ಲ ಕಡೆ ಹಾಕಿ ನೋಡುತ್ತಾರೆ, ಎಲ್ಲಿ ತೆರೆಯಿತೋ ಅಲ್ಲಿ ಒಳಗೆ. ಪಾಸ್‌ವರ್ಡ್ 14 ಅಕ್ಷರವೋ 40 ಅಕ್ಷರವೋ, ಅದಕ್ಕೆ ಲೆಕ್ಕವೇ ಇಲ್ಲ. ಐಟಿಯವರು ಅಂದಿರಲ್ಲ, ನಿಮ್ಮವರದ್ದೇ ಉದಾಹರಣೆ ಕೊಡುತ್ತೇನೆ. 2012ರಲ್ಲಿ ಡ್ರಾಪ್‌ಬಾಕ್ಸ್ ಎಂಬ ಕ್ಲೌಡ್ ಕಂಪನಿಯ ಒಬ್ಬ ನೌಕರ ಬೇರೆ ಕಡೆ ಬಳಸಿದ್ದ ಪಾಸ್‌ವರ್ಡನ್ನೇ ಕಂಪನಿ ಕೆಲಸಕ್ಕೂ ಇಟ್ಟುಕೊಂಡಿದ್ದ. ಅದು ಕಳ್ಳರಿಗೆ ಸಿಕ್ಕಿತು. ಆಗ ಕದ್ದಿದ್ದ, ಡ್ರಾಪ್‌ಬಾಕ್ಸ್‌ನ ಗ್ರಾಹಕರ ಮಾಹಿತಿ 2016ರಲ್ಲಿ ಬಯಲಾಯಿತು, 6 ಕೋಟಿ 80 ಲಕ್ಷದಷ್ಟು ಖಾತೆಗಳ ಇಮೇಲ್ ಮತ್ತು ಗುಪ್ತಲಿಪಿಯ ಪಾಸ್‌ವರ್ಡ್ ಹೊರಗೆ ಬಂದವು. ಕ್ಲೌಡ್ ನಡೆಸುವವರೇ ಇದರಲ್ಲಿ ಎಡವುತ್ತಾರೆ ಅಂದ ಮೇಲೆ ಹಿಂಜೆವಾಡಿ ಯಾವ ಲೆಕ್ಕ.

'ಹ್ಯಾವ್ ಐ ಬೀನ್ ಪೋನ್ಡ್' ಎಂಬ ಸೈಟ್ ಇದೆ, ಆಸ್ಟ್ರೇಲಿಯಾದ ಟ್ರಾಯ್ ಹಂಟ್ 2013ರಲ್ಲಿ ಶುರು ಮಾಡಿದ್ದು. ನಿಮ್ಮ ಇಮೇಲ್ ವಿಳಾಸ ಹಾಕಿದರೆ ಅದು ಯಾವ ಯಾವ ಸೋರಿಕೆಯಲ್ಲಿ ಇದೆ ಎಂದು ಹೇಳುತ್ತದೆ. ಹಾಕಿ ನೋಡಿ. ಆಮೇಲೆ ಪಾಸ್‌ವರ್ಡ್ ಮ್ಯಾನೇಜರ್ (ಎಲ್ಲ ಪಾಸ್‌ವರ್ಡ್ ನೆನಪಿಟ್ಟುಕೊಳ್ಳುವ ಆಪ್) ಒಂದನ್ನು ಹಿಡಿದು ಪ್ರತಿ ಕಡೆ ಬೇರೆ ಬೇರೆ ಇಡಿ. ಮೊದಲು ಇಮೇಲ್‌ನದ್ದು ಬದಲಿಸಿ, ಯಾಕೆಂದರೆ ಉಳಿದ ಎಲ್ಲದರ 'ಪಾಸ್‌ವರ್ಡ್ ಮರೆತಿರಾ' ಲಿಂಕ್ ಬಂದು ಬೀಳುವುದು ಅಲ್ಲಿಗೇ.

ಇನ್ನು ಒಟಿಪಿ. ಇರುವುದು ಒಳ್ಳೆಯದೇ, ತೆಗೆಯಬೇಡಿ. ಆದರೆ ಈಗಿನ ನಕಲಿ ಲಾಗಿನ್ ಪುಟಗಳು ಪಾಸ್‌ವರ್ಡ್ ಕೇಳಿ ಸುಮ್ನೆ ಕೂರುವುದಿಲ್ಲ, ನೀವು ಹಾಕಿದ್ದನ್ನು ಆ ಕ್ಷಣವೇ ಅಸಲಿ ಸೈಟಿಗೆ ಹಾಕುತ್ತವೆ, ಅಸಲಿ ಸೈಟು ನಿಮ್ಮ ಫೋನಿಗೆ ಅಸಲಿ ಒಟಿಪಿಯನ್ನೇ ಕಳಿಸುತ್ತದೆ, ನಕಲಿ ಪುಟ 'ಒಟಿಪಿ ಹಾಕಿ' ಅನ್ನುತ್ತದೆ, ನೀವು ಹಾಕುತ್ತೀರಿ, ಮುಗಿಯಿತು. ನಕಲಿ ಸಿಮ್ ತೆಗೆಸಿ ಒಟಿಪಿಯನ್ನು ತಮ್ಮ ಫೋನಿಗೆ ತರಿಸಿಕೊಳ್ಳುವವರೂ ಇದ್ದಾರೆ. ಫೋನಿಗೆ ಇದ್ದಕ್ಕಿದ್ದಂತೆ ನೆಟ್‌ವರ್ಕ್ ಹೋಗಿ, ಪಕ್ಕದವರ ಅದೇ ಕಂಪನಿಯ ಸಿಮ್ ಸರಿಯಾಗಿದ್ದರೆ, ಟನಲ್ ಇರಬೇಕು ಅಂದುಕೊಂಡು ಸುಮ್ಮನಿರಬೇಡಿ, ಕಂಪನಿಗೆ ಫೋನ್ ಹಚ್ಚಿ. ಎಸ್‌ಎಂಎಸ್ ಬದಲು ಫೋನಿನಲ್ಲೇ ಕೋಡ್ ತಯಾರಿಸುವ ಆಥೆಂಟಿಕೇಟರ್ ಆಪ್ ಬಳಸಿದರೆ ಸಿಮ್ ಕಾಟ ತಪ್ಪುತ್ತದೆ. ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು, ಮುಖ ಅಥವಾ ಪಿನ್‌ನಿಂದಲೇ ಒಳಗೆ ಹೋಗುವ ಪಾಸ್‌ಕೀ ಇಟ್ಟರೆ ನಕಲಿ ಪುಟದ ಕಾಟವೂ ತಪ್ಪುತ್ತದೆ, ಏಕೆಂದರೆ ಅದು ಅಸಲಿ ವಿಳಾಸ ಬಿಟ್ಟು ಬೇರೆ ಕಡೆ ಕೆಲಸವೇ ಮಾಡುವುದಿಲ್ಲ. ನಿಮ್ಮ ಕಣ್ಣಿಗೆ ಮೋಸವಾಗಬಹುದು, ಅದಕ್ಕೆ ಆಗುವುದಿಲ್ಲ. ಗೂಗಲ್, ಆಪಲ್ ಎರಡರಲ್ಲೂ ಇದೆ. ಐಟಿಯವರು, ನೀವೇ ಹುಡುಕಿಕೊಳ್ಳುತ್ತೀರಿ.

ಅಕ್ಕಾರ್ ನಮಸ್ಕಾರ. ನಮ್ಮನಿಯವರ ಹಳೇ ಫೋನ್ ಕೆಟ್ಟಿತ್ತು, ರಿಪೇರಿ ಮಾಡಿಸಿ ನಮ್ಮ ಮಾವನ ಮಗಗ ಕೊಟ್ವಿ. ಈಗ ನಾ ಹೊಸ ಫೋನಿನ್ಯಾಗ ತಗದ ಫೋಟೋ ಅವನ ಫೋನಿನ್ಯಾಗ ಕಾಣಸ್ತಾವಂತ! ಅವನೇ ಫೋನ್ ಮಾಡಿ ನಕ್ಕೋಂತ ಹೇಳಿದ. ಇದು ವೈರಸ್ಸೋ ಏನ್ರಿ? (ವಾಸ್ಕೊ, ಗೋವಾ)

ವೈರಸ್ ಅಲ್ಲ ತಾಯಿ, ಆ ಹಳೇ ಫೋನಿನಲ್ಲಿ ನಿಮ್ಮ ಗೂಗಲ್ ಖಾತೆ ಹಾಗೇ ಉಳಿದಿದೆ. ಗಂಡ ಹೆಂಡತಿ ಇಬ್ಬರೂ ಒಂದೇ ಜಿಮೇಲ್ ಬಳಸುತ್ತಿರಬೇಕು ನೀವು, ಅಲ್ವಾ? ಹೊಸ ಫೋನಿನಿಂದ ಫೋಟೋ ಮೇಲೆ ಹೋಗುತ್ತದೆ, ಅಲ್ಲಿಂದ ಹಳೇ ಫೋನಿಗೂ ಇಳಿಯುತ್ತದೆ. ಮಾವನ ಮಗ ಒಳ್ಳೆಯವನು, ಫೋನ್ ಮಾಡಿ ಹೇಳಿದ. ಹೇಳದೆ ನೋಡುತ್ತಾ ಕೂರುವವರೇ ಲೋಕದಲ್ಲಿ ಜಾಸ್ತಿ.

ಈಗಲೇ ಹೀಗೆ ಮಾಡಿ. ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ತೆರೆದು, ಖಾತೆಯ ಸೆಕ್ಯುರಿಟಿ ಭಾಗಕ್ಕೆ ಹೋದರೆ 'ಯುವರ್ ಡಿವೈಸಸ್' ಎಂಬ ಪಟ್ಟಿ ಸಿಗುತ್ತದೆ. ನಿಮ್ಮ ಖಾತೆ ಎಲ್ಲೆಲ್ಲಿ ತೆರೆದಿದೆ ಎಂದು ಅದರಲ್ಲಿ ಕಾಣುತ್ತದೆ. ಹಳೇ ಫೋನ್, ಯಾವಾಗಲೋ ತೆರೆದ ಸೈಬರ್ ಕೆಫೆಯ ಕಂಪ್ಯೂಟರ್, ಮಕ್ಕಳ ಟ್ಯಾಬ್ಲೆಟ್, ಗುರುತಿಲ್ಲದ್ದು ಏನಿದ್ದರೂ ಸೈನ್ ಔಟ್ ಒತ್ತಿ. ಆಮೇಲೆ ಪಾಸ್‌ವರ್ಡ್ ಬದಲಿಸಿ. ಐಫೋನ್ ಇರುವವರು ಸೆಟ್ಟಿಂಗ್ಸ್‌ನಲ್ಲಿ ತಮ್ಮ ಹೆಸರು ಒತ್ತಿ ಕೆಳಗೆ ಬಂದರೆ ಇಂಥದ್ದೇ ಪಟ್ಟಿ ಇದೆ. ಗೂಗಲ್ ಫೋಟೋಸ್ ಒಳಗೆ ಹೋಗಿ ಶೇರಿಂಗ್ ಕೂಡ ನೋಡಿ. ಮದುವೆ ಆಲ್ಬಮ್‌ನ ಲಿಂಕನ್ನು ಊರಿಗೆಲ್ಲ ವಾಟ್ಸಾಪ್ ಮಾಡಿರುತ್ತೇವೆ, ಆಮೇಲೆ ಅದೇ ಆಲ್ಬಮ್‌ಗೆ ಹನಿಮೂನ್ ಫೋಟೋ ಸೇರಿಸುತ್ತೇವೆ. ಲಿಂಕ್ ಇದ್ದವರೆಲ್ಲ ನೋಡಬಹುದು ಎಂಬುದು ನೆನಪೇ ಇರುವುದಿಲ್ಲ.

ರಿಪೇರಿ ವಿಷಯ ನೀವು ಸುಮ್ನೆ ದಾಟಿಸಿದಿರಿ, ನನಗೆ ಅಲ್ಲೇ ಕಣ್ಣು ನಿಂತಿತು. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದವರು 2022ರಲ್ಲಿ ಒಂದು ಪರೀಕ್ಷೆ ಮಾಡಿದರು. ಲ್ಯಾಪ್‌ಟಾಪ್‌ಗಳನ್ನು 16 ರಿಪೇರಿ ಅಂಗಡಿಗೆ ಕೊಟ್ಟು, ಒಳಗೆ ಏನೇನು ತೆರೆದರು ಎಂದು ಗುಟ್ಟಾಗಿ ದಾಖಲಿಸಿಕೊಂಡರು. 6 ಕಡೆ ಖಾಸಗಿ ಫೈಲು ಕೆದಕಿದ್ದರು, 2 ಕಡೆ ನಕಲು ಮಾಡಿಕೊಂಡಿದ್ದರು. ಎಲ್ಲ ಅಂಗಡಿಯವರೂ ಹೀಗೇ ಅಂತ ಅಲ್ಲ, ಪಾಪ ದಿನವಿಡೀ ಅದೇ ಕೆಲಸ ಮಾಡಿ ಹೊಟ್ಟೆ ಹೊರೆಯುವವರಿದ್ದಾರೆ. ಆದರೆ ಸ್ಕ್ರೀನ್ ಬದಲಿಸಲು ಪಾಸ್‌ವರ್ಡ್ ಯಾಕೆ ಬೇಕು ಎಂದು ಕೇಳುವ ಹಕ್ಕು ನಿಮಗಿದೆ. ಸ್ಯಾಮ್‌ಸಂಗ್‌ನಲ್ಲಿ ಮೆಂಟೆನೆನ್ಸ್ ಮೋಡ್, ಪಿಕ್ಸೆಲ್‌ನಲ್ಲಿ ರಿಪೇರ್ ಮೋಡ್ ಎಂದು ಇದೆ, ಅದನ್ನು ಹಾಕಿ ಕೊಟ್ಟರೆ ಫೋನ್ ಕೆಲಸ ಮಾಡುತ್ತದೆ, ನಿಮ್ಮ ಫೋಟೋ ಮಾತ್ರ ಕಾಣುವುದಿಲ್ಲ. ಯಾರಿಗಾದರೂ ಕೊಟ್ಟುಬಿಡುವ ಫೋನಾದರೆ ಮೊದಲು ಖಾತೆ ತೆಗೆದು, ಆಮೇಲೆ ಫ್ಯಾಕ್ಟರಿ ರೀಸೆಟ್, ಅಂದರೆ ಒಳಗಿರುವುದನ್ನೆಲ್ಲ ಅಳಿಸಿ ಹೊಸದರಂತೆ ಮಾಡುವುದು.

ವಾಟ್ಸಾಪ್‌ನಲ್ಲಿ ಕಳಿಸಿದ್ದು ಎಂಡ್ ಟು ಎಂಡ್ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕಳಿಸಿದವರು, ಪಡೆದವರು ಬಿಟ್ಟು ಯಾರೂ ಓದಲಾರರು ಎನ್ನುತ್ತಾರೆ. ಹಾಗಾದರೆ ಅದರ ಬ್ಯಾಕಪ್ ಕೂಡ ಭದ್ರವೇ? ನಾನು ನಿವೃತ್ತ, ಸಮಯವಿದೆ, ವಿವರವಾಗಿ ತಿಳಿಸಿ. (ಮಾಟುಂಗಾ)

ರಾಯರೇ, ಉತ್ತರ ಚಿಕ್ಕದು. ತಾನಾಗಿಯೇ ಭದ್ರವಲ್ಲ. ಗೂಗಲ್ ಡ್ರೈವ್‌ಗೋ ಐಕ್ಲೌಡ್‌ಗೋ ಹೋಗುವ ಬ್ಯಾಕಪ್ಪನ್ನು ಎನ್‌ಕ್ರಿಪ್ಟ್ ಮಾಡುವ ಸೌಲಭ್ಯವನ್ನು ವಾಟ್ಸಾಪ್ 2021ರ ಅಕ್ಟೋಬರ್‌ನಲ್ಲಿ ಕೊಟ್ಟಿತು, ಆದರೆ ಅದನ್ನು ನಾವೇ ಆನ್ ಮಾಡಬೇಕು. ಸೆಟ್ಟಿಂಗ್ಸ್‌ನಲ್ಲಿ ಚಾಟ್ಸ್, ಅದರೊಳಗೆ ಚಾಟ್ ಬ್ಯಾಕಪ್. ಅಲ್ಲಿ ಕೊಡುವ ಪಾಸ್‌ವರ್ಡ್ ಮರೆತರೆ ವಾಟ್ಸಾಪ್‌ನವರೂ ತೆರೆದುಕೊಡಲಾರರು, ಆದ್ದರಿಂದ ಡೈರಿ. ಐಫೋನ್ ಇದ್ದರೆ ಐಕ್ಲೌಡ್‌ಗೆ ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್ ಎಂಬ ಇಂಥದ್ದೇ ಎನ್‌ಕ್ರಿಪ್ಟ್ ಸೌಲಭ್ಯವೂ ಇದೆ, ಫೋಟೋಗಳಿಗೂ ಅದು ಅನ್ವಯ. ಅದೂ ತಾನಾಗಿ ಆನ್ ಇರುವುದಿಲ್ಲ.

ಅಕ್ಕಾ, ಹೆಸರು ಹಾಕಬೇಡಿ. ಕಾಲೇಜಿನಲ್ಲಿದ್ದಾಗ ಒಬ್ಬನನ್ನು ಪ್ರೀತಿಸಿದ್ದೆ, ಅವನು ಮಂಗಳೂರಿನವನು. ಆಗ ನನ್ನ ಜಿಮೇಲ್ ಪಾಸ್‌ವರ್ಡ್ ಅವನಿಗೆ ಗೊತ್ತಿತ್ತು. ಬಿಟ್ಟು ಒಂದು ವರ್ಷ ಆಯಿತು. ಈಗ ನನ್ನ ಫೋಟೋಗಳನ್ನು, ನಾನು ಯಾರಿಗೂ ಕಳಿಸದೇ ಇದ್ದದ್ದನ್ನು ಕೂಡ, ನನಗೇ ಕಳಿಸಿ 20 ಸಾವಿರ ಕೇಳುತ್ತಿದ್ದಾನೆ. ಕೊಡದಿದ್ದರೆ ಅಪ್ಪನಿಗೆ, ನಮ್ಮ ಸಂಘದ ಗ್ರೂಪಿಗೆ ಹಾಕುತ್ತಾನಂತೆ. ಅಪ್ಪನ ಹೋಟೆಲ್ ಇದೆ, ಎಲ್ಲರಿಗೂ ನಾವು ಗೊತ್ತು. ಕೊಟ್ಟುಬಿಡಲಾ? (ಮುಲುಂಡ್)

ಕೊಡಬೇಡಮ್ಮಾ. ಒಂದು ರೂಪಾಯಿ ಕೂಡ. ಕೊಟ್ಟರೆ ಅವನು ಫೋಟೋ ಅಳಿಸುವುದಿಲ್ಲ, ಇವಳು ಕೊಡುತ್ತಾಳೆ ಎಂದು ತಿಳಿದುಕೊಳ್ಳುತ್ತಾನೆ, ಮುಂದಿನ ತಿಂಗಳು 40 ಸಾವಿರ ಕೇಳುತ್ತಾನೆ.

ನಿನ್ನ ಪತ್ರ ಪತ್ರಿಕೆ ಬರುವವರೆಗೆ ಕಾಯಬಾರದು ಅಂತ ಇಮೇಲ್‌ಗೆ ಆಗಲೇ ಉತ್ತರ ಬರೆದಿದ್ದೇನೆ. ಇದೇ ಕಷ್ಟದಲ್ಲಿ ಬೇರೆಯವರೂ ಇರುತ್ತಾರೆ, ಅದಕ್ಕೆ ಇಲ್ಲಿಯೂ ಹಾಕುತ್ತಿದ್ದೇನೆ.

ಅವನ ಮೆಸೇಜ್ ಅಳಿಸಬೇಡ. ಕೋಪಕ್ಕೋ ಅಸಹ್ಯಕ್ಕೋ ಎಲ್ಲರೂ ಮೊದಲು ಮಾಡುವುದು ಅದನ್ನೇ. ಅವನ ನಂಬರ್, ದಿನಾಂಕ, ಸಮಯ, ಹಣ ಕೇಳಿದ ಮಾತು ಎಲ್ಲ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆ. ನೀನು ಯಾರಿಗೂ ಕಳಿಸದ ಫೋಟೋ ಅವನ ಹತ್ತಿರ ಇದೆ ಅಂದರೆ ಅವನು ಖಾತೆಯ ಒಳಗೆ ಹೋಗಿದ್ದಾನೆ, ಈಗಲೂ ಇರಬಹುದು. ಬೇರೆ ಫೋನಿನಿಂದ, ಅಮ್ಮನದ್ದೋ ಗೆಳತಿಯದ್ದೋ ಆಗಬಹುದು, ನಿನ್ನ ಖಾತೆ ತೆರೆದು ಡಿವೈಸ್ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದುಕೋ, ಅದೂ ಸಾಕ್ಷಿ. ಆಮೇಲೆ ಪಾಸ್‌ವರ್ಡ್ ಬದಲಿಸು, ಎಲ್ಲ ಕಡೆಯಿಂದ ಸೈನ್ ಔಟ್ ಮಾಡು. ಇಷ್ಟಕ್ಕೇ ನಿಲ್ಲಬೇಡ. ಪಾಸ್‌ವರ್ಡ್ ಮರೆತಾಗ ಖಾತೆ ವಾಪಸ್ ಪಡೆಯಲು ಕೊಟ್ಟ ರಿಕವರಿ ಇಮೇಲ್, ರಿಕವರಿ ಫೋನ್ ನಂಬರ್ ಯಾರದ್ದಿದೆ ನೋಡು, ಅವನದ್ದು ಅಲ್ಲಿ ಕೂತಿದ್ದರೆ ನೀನು ಎಷ್ಟು ಸಲ ಪಾಸ್‌ವರ್ಡ್ ಬದಲಿಸಿದರೂ ಅವನು ಮತ್ತೆ ಬರುತ್ತಾನೆ. ಜಿಮೇಲ್‌ನ ಫಾರ್ವರ್ಡಿಂಗ್ ನೋಡು, ನಿನ್ನ ಮೇಲ್ ತಾನಾಗಿ ಅವನ ವಿಳಾಸಕ್ಕೆ ಹೋಗುತ್ತಿರಬಹುದು. ಗೂಗಲ್ ಫೋಟೋಸ್‌ನಲ್ಲಿ ಪಾರ್ಟ್‌ನರ್ ಶೇರಿಂಗ್ (ನಿನ್ನ ಫೋಟೋಗಳು ತಾನಾಗಿ ಇನ್ನೊಬ್ಬರಿಗೆ ಹೋಗುವುದು) ಇದೆಯಾ ನೋಡು, ಪ್ರೀತಿಯಲ್ಲಿದ್ದಾಗ ಆನ್ ಮಾಡಿ ಮರೆತ ಜೋಡಿಗಳು ಬೇಕಾದಷ್ಟು. ಐಫೋನಾದರೆ ಸೇಫ್ಟಿ ಚೆಕ್ ಎಂಬುದಿದೆ, ಇಂಥ ಸಂಬಂಧದಿಂದ ಹೊರಗೆ ಬಂದವರಿಗೆಂದೇ 2022ರಲ್ಲಿ ತಂದದ್ದು, ಯಾರ ಯಾರ ಜೊತೆ ಏನೇನು ಹಂಚಿಕೊಂಡಿದ್ದೀಯ ಎಂದು ತೋರಿಸಿ ಎಲ್ಲವನ್ನೂ ಒಟ್ಟಿಗೆ ಕಡಿದುಹಾಕುತ್ತದೆ.

ಪೊಲೀಸ್ ಅಂದರೆ ಹೆದರಬೇಡ. ಕೇಂದ್ರ ಸರ್ಕಾರದ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ಪೋರ್ಟಲ್‌ನಲ್ಲಿ ಹೆಣ್ಣುಮಕ್ಕಳ ಇಂಥ ದೂರಿಗೆ ಬೇರೆ ವಿಭಾಗವೇ ಇದೆ, ಹೆಸರು ಹೇಳದೆಯೂ ಕೊಡಬಹುದು. ಹಣ ಈಗಾಗಲೇ ಹೋಗಿದ್ದರೆ ಸೈಬರ್ ಸಹಾಯವಾಣಿ 1930ಕ್ಕೆ ತಕ್ಷಣ ಫೋನ್ ಮಾಡಬೇಕು. ಆದರೆ ಅವನನ್ನು ಹಿಡಿಯಬೇಕು ಅಂದರೆ ಹೆಸರು ಹೇಳಿ ಎಫ್‌ಐಆರ್ ಮಾಡಿಸುವುದೇ ಗಟ್ಟಿ. ಅವನು ಮಂಗಳೂರಲ್ಲಿದ್ದಾನೆ, ಅಲ್ಲಿಗೇ ಹೋಗಿ ಎಂದು ಯಾರಾದರೂ ಅಂದರೆ ಒಪ್ಪಬೇಡ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ, ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ತೆಗೆದುಕೊಳ್ಳಬೇಕು. ನೀನು ಫೋಟೋ ತೆಗೆಯಲು ಒಪ್ಪಿದ್ದರೂ ಹಂಚಲು ಒಪ್ಪಿಲ್ಲದಿದ್ದರೆ ಹಂಚಿದವನದ್ದು ಅಪರಾಧ ಎಂದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನ ವಿವರಣೆಯಲ್ಲೇ ಬರೆದಿದೆ. ಆ ಕಲಮಿನ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು, ಕೇಳು. ಇನ್ನೊಬ್ಬರ ಪಾಸ್‌ವರ್ಡ್ ಮೋಸದಿಂದ ಬಳಸುವುದಕ್ಕೆ ಐಟಿ ಕಾಯ್ದೆಯ 66ಸಿ, ಖಾಸಗಿ ಅಂಗದ ಚಿತ್ರ ಹಂಚಿದರೆ 66ಇ, ಎರಡಕ್ಕೂ 3 ವರ್ಷದವರೆಗೆ ಜೈಲಿದೆ. ಬೆದರಿಸಿ ಹಣ ಕೇಳಿದ್ದು ಸುಲಿಗೆ, ಅದರ ಕಲಮು ಬೇರೆ. ನಮ್ಮ ಠಾಣೆಗಳಲ್ಲಿ ಮರಾಠಿಯಲ್ಲಿ ಬರೆದುಕೊಳ್ಳುತ್ತಾರೆ. ಓದಿಸಿ ಕೇಳಿಕೊಂಡು ಆಮೇಲೆ ಸಹಿ ಹಾಕು, ಪ್ರತಿ ಇಸಕೊಂಡು ಬಾ, ಅದಕ್ಕೆ ದುಡ್ಡಿಲ್ಲ.

ಫೋಟೋ ಹೊರಗೆ ಬೀಳುವ ಮೊದಲೇ ಮಾಡಬಹುದಾದ ಒಂದು ಕೆಲಸವಿದೆ, ತುಂಬಾ ಜನರಿಗೆ ಗೊತ್ತಿಲ್ಲ. ಸ್ಟಾಪ್‌ಎನ್‌ಸಿಐಐ ಡಾಟ್ ಆರ್ಗ್ ಎಂಬ ಉಚಿತ ಸೈಟ್. ನೀನು ಅಲ್ಲಿ ಫೋಟೋ ಆರಿಸಿದರೆ ಅದು ನಿನ್ನ ಫೋನಿನಲ್ಲೇ ಅದರ ಒಂದು ಡಿಜಿಟಲ್ ಗುರುತು ಮಾಡುತ್ತದೆ, ಗುರುತು ಮಾತ್ರ ಹೋಗುತ್ತದೆ, ಫೋಟೋ ನಿನ್ನ ಫೋನ್ ಬಿಟ್ಟು ಹೋಗುವುದಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಮುಂತಾದವು ಆ ಗುರುತಿಗೆ ಹೊಂದುವ ಫೋಟೋ ಯಾರಾದರೂ ಹಾಕಿದರೆ ತಡೆಯುತ್ತವೆ. ಇದು 18 ದಾಟಿದವರಿಗೆ. ಅದಕ್ಕಿಂತ ಚಿಕ್ಕವರಿದ್ದಾಗ ತೆಗೆದ ಫೋಟೋಗಳಿಗೆ ಟೇಕ್ ಇಟ್ ಡೌನ್ ಎಂದು ಬೇರೆ ಇದೆ. ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಇದರಿಂದ ತಡೆಯಲು ಆಗುವುದಿಲ್ಲ, ಸುಳ್ಳು ಧೈರ್ಯ ಕೊಡುವುದಿಲ್ಲ ನಾನು. ಎಲ್ಲಾದರೂ ಸೈಟಿನಲ್ಲಿ ಬಂದೇಬಿಟ್ಟಿತು ಅಂದರೆ ಆ ಕಂಪನಿಯಲ್ಲಿ ದೂರು ನೋಡುವ ಗ್ರೀವೆನ್ಸ್ ಆಫೀಸರ್‌ಗೆ ಬರೆಯಬೇಕು. 2021ರ ಐಟಿ ನಿಯಮಗಳು ಬಂದಾಗಲೇ ಇಂಥ ಫೋಟೋ ತೆಗೆಯಲು 24 ಗಂಟೆಯ ಗಡುವು ಹಾಕಿದ್ದರು. ಗೂಗಲ್ ಹುಡುಕಾಟದಿಂದ ತೆಗೆಸಲು ಬೇರೆ ಅರ್ಜಿ ಇದೆ.

ಅಪ್ಪನ ವಿಷಯ. ನಿನಗೆ ಅದೇ ದೊಡ್ಡ ಭಯ ಅಂತ ಪತ್ರ ಓದಿದರೆ ಗೊತ್ತಾಗುತ್ತದೆ. ಅವನ ಕೈಯಲ್ಲಿರುವ ಆಯುಧವೂ ಅದೊಂದೇ. ನೀನೇ ಮೊದಲು ಹೇಳಿಬಿಟ್ಟರೆ ಆಯುಧ ಹೋಯಿತು. ನೇರ ಅಪ್ಪನಿಗೆ ಆಗದಿದ್ದರೆ ಅಮ್ಮನಿಗೆ, ಅದೂ ಆಗದಿದ್ದರೆ ಚಿಕ್ಕಮ್ಮನಿಗೋ ಅತ್ತಿಗೆಗೋ ಹೇಳು, ಅವರು ಹೇಳಲಿ. ಮುಂಬಯಿಯಲ್ಲಿ ಹೋಟೆಲ್ ನಡೆಸಿದವರು ಬೆದರಿಕೆ ಹಾಕಿ ದುಡ್ಡು ಕೇಳುವವರನ್ನು ನೋಡದೇ ಇರುವವರಲ್ಲ. ನಿಮ್ಮಪ್ಪ ನೀನಂದುಕೊಂಡದ್ದಕ್ಕಿಂತ ಗಟ್ಟಿ ಇರಬಹುದು.

ಕ್ಯಾಂಟೀನ್‌ನಲ್ಲಿ ಕೆಲಸ. ಊರಿಗೆ ಹೋಗಲು ಆಪ್‌ನಲ್ಲಿ 5 ಸಾವಿರ ಸಾಲ ತೆಗೆದಿದ್ದೆ. ತೀರಿಸಿದರೂ ಇನ್ನೂ ಕೊಡು ಅಂತ ನನ್ನ ಹೆಂಡತಿ ಫೋಟೋಕ್ಕೆ ಏನೇನೋ ಅಂಟಿಸಿ ಕಳಿಸುತ್ತಿದ್ದಾರೆ. ಫೋಟೋ ಹೇಗೆ ಸಿಕ್ಕಿತು? (ಪನ್ವೇಲ್)

ಆಪ್ ಹಾಕುವಾಗ ಅದು ಅನುಮತಿ ಕೇಳಿದಾಗಲೆಲ್ಲ 'ಅಲೌ' (Allow) 'ಅಲೌ' ಎಂದು ಒತ್ತಿದಿರಲ್ಲ, ಆಗ ಗ್ಯಾಲರಿ ಮತ್ತು ಕಾಂಟ್ಯಾಕ್ಟ್ ಎರಡೂ ಹೋಯಿತು ತಮ್ಮಾ. ಇದರಲ್ಲಿ ಕ್ಲೌಡೂ ಇಲ್ಲ, ಪಾಸ್‌ವರ್ಡೂ ಇಲ್ಲ. ಸಾಲದ ಆಪ್‌ಗಳು ಫೋನಿನ ಫೈಲು, ಕಾಂಟ್ಯಾಕ್ಟ್ ಪಟ್ಟಿ, ಕಾಲ್ ಲಾಗ್ ಮುಟ್ಟಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಗೂಗಲ್ ಕೂಡ 2023ರಿಂದ ತನ್ನ ಪ್ಲೇ ಸ್ಟೋರ್‌ನಲ್ಲಿ ಸಾಲದ ಆಪ್‌ಗಳಿಗೆ ಫೋಟೋ, ಕಾಂಟ್ಯಾಕ್ಟ್ ಅನುಮತಿ ನಿಲ್ಲಿಸಿದೆ. ಅದಕ್ಕೇ ಈಗ ಅವರು ಲಿಂಕ್ ಕಳಿಸಿ ಎಪಿಕೆ ಫೈಲಿನಿಂದ, ಅಂದರೆ ಪ್ಲೇ ಸ್ಟೋರ್ ಬಿಟ್ಟು ನೇರವಾಗಿ ಆಪ್ ಹಾಕುವ ಫೈಲಿನಿಂದ, ಹಾಕಿಸುತ್ತಾರೆ. ಮದುವೆ ಕರೆಯೋಲೆ, ಟ್ರಾಫಿಕ್ ಚಲನ್ ಎಂದು ವಾಟ್ಸಾಪ್‌ಗೆ ಬರುವ ಎಪಿಕೆಗಳದ್ದೂ ಇದೇ ಜಾತಿ, ಕೆಲವು ಒಟಿಪಿ ಎಸ್‌ಎಂಎಸ್ ಕೂಡ ಓದುತ್ತವೆ. ನಮ್ಮವರ ಮದುವೆ ಕರೆಯೋಲೆ ಯಾವತ್ತೂ ಫೋಟೋ ಇಲ್ಲಾ ಪಿಡಿಎಫ್, ಎಪಿಕೆ ಆಗಿ ಬರುವುದಿಲ್ಲ. ಸಾಲ ತೀರಿಸಿದ ಸಾಕ್ಷಿ, ಅವರ ಮೆಸೇಜು, ಆಪ್‌ನ ಹೆಸರು ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಆಪ್ ತೆಗೆದುಹಾಕಿ, ಮುಲುಂಡ್‌ನ ಹುಡುಗಿಗೆ ಹೇಳಿದ ಹಾಗೆ ದೂರು ಕೊಡಿ. ಹೆಂಡತಿಗೆ ಮೊದಲೇ ಹೇಳಿ. ಕಾಂಟ್ಯಾಕ್ಟ್‌ನಲ್ಲಿರುವವರಿಗೂ 'ನನ್ನ ಫೋನಿನಿಂದ ಫೋಟೋ ಕದ್ದು ತಿದ್ದಿ ಕಳಿಸುತ್ತಿದ್ದಾರೆ, ತೆರೆಯಬೇಡಿ' ಎಂದು ಒಂದು ಮೆಸೇಜ್ ಹಾಕಿಬಿಡಿ.

ನನ್ನ ಮಗಳು ಹತ್ತನೇ ಕ್ಲಾಸ್. ಅವಳ ಪಾಸ್‌ವರ್ಡ್ ನಾನು ಇಟ್ಟುಕೊಂಡು ದಿನಾ ಗ್ಯಾಲರಿ ನೋಡಿದರೆ ಎಲ್ಲಾ ಸರಿಹೋಗುತ್ತದೆ ಎಂದು ನನ್ನ ಅಭಿಪ್ರಾಯ. (ಬೊರಿವಲಿ)

ನನ್ನ ಅಭಿಪ್ರಾಯ ಅದಲ್ಲ. ನೀವು ದಿನಾ ನೋಡಿದರೆ ಅವಳು ನಿಮಗೆ ಗೊತ್ತಿಲ್ಲದ ಇನ್ನೊಂದು ಖಾತೆ ಮಾಡುತ್ತಾಳೆ, ಅಲ್ಲಿ ತೊಂದರೆಯಾದರೆ ನಿಮ್ಮ ಹತ್ತಿರ ಬರುವುದಿಲ್ಲ. ಪಾಸ್‌ವರ್ಡ್ ಕೇಳಿದವರಿಗೆಲ್ಲ, ಅಪ್ಪನಾದರೂ ಸರಿ, ಕೊಡುವ ಅಭ್ಯಾಸವನ್ನು ನೀವೇ ಮಾಡಿಸಿದ ಹಾಗೂ ಆಗುತ್ತದೆ. ಅವಳ ಜೊತೆ ಕೂತು ಎರಡು ಹಂತದ ಪರಿಶೀಲನೆ ಆನ್ ಮಾಡಿ, ರಿಕವರಿ ನಂಬರ್ ಮಾತ್ರ ನಿಮ್ಮದಿರಲಿ.

ಕೊನೆಗೊಂದು ವಿನಂತಿ. ಪ್ರಶ್ನೆ ಕಳಿಸುವಾಗ ನಿಮ್ಮ ಇಮೇಲ್ ಮತ್ತು ಪಾಸ್‌ವರ್ಡ್ ಬರೆದು 'ನೀವೇ ತೆರೆದು ನೋಡಿ ಹೇಳಿ ಅಕ್ಕಾ' ಎಂದು ಕೆಲವರು ಕಳಿಸಿದ್ದೀರಿ. ಪತ್ರ ಹರಿದು ಹಾಕಿದ್ದೇನೆ. ಆದರೂ ಇವತ್ತೇ ಬದಲಿಸಿ, ಪೋಸ್ಟ್ ಕಾರ್ಡಿನಲ್ಲಿ ಬರೆದು ಕಳಿಸಿದ ಥಾಣೆಯವರಂತೂ ಈಗಲೇ.